ಬೋರ್‌ವೆಲ್ ನೀರಿನಲ್ಲಿ ಬೇವಿನೆಣ್ಣೆ ಒಡೆಯದಂತೆ ಕಲಸಿದ ಕೆಲಸದ ದಾಖಲೆ

ಕೆಲಸ ಇಷ್ಟೇ: 20 ಗುಂಟೆ ಟೊಮೆಟೊಗೆ ಬೇವಿನೆಣ್ಣೆ ಹೊಡೆಯಬೇಕು. ನೀರಿಗೆ ಬಿದ್ದ ಎಣ್ಣೆ ಪಂಪಿನ ಒಂದು ಕ್ಯಾನ್ ಖಾಲಿಯಾಗುವವರೆಗಾದರೂ ಮೇಲೆ ತೇಲದೆ, ನಾಜಲ್ ಕಟ್ಟದೆ, ಎಲ್ಲ ಸಾಲಿಗೂ ಒಂದೇ ಸಮ ಹೋಗಬೇಕು. ನಮ್ಮ ಹೊಲ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಿಂದ ಚಿಂತಾಮಣಿ ಕಡೆ ಹೋಗುವ ದಾರಿಯಲ್ಲಿದೆ. ನೀರು ಸಾವಿರ ಅಡಿ ದಾಟಿದ ಬೋರ್‌ವೆಲ್‌ದು. ಬಿಳಿ ನೊಣ ಹತ್ತಿತ್ತು. ಎಲೆ ಮುದುಡು ರೋಗದ ವೈರಸ್ ಅನ್ನು ಗಿಡದಿಂದ ಗಿಡಕ್ಕೆ ಒಯ್ಯುವುದೇ ಅದು, ಆದ್ದರಿಂದ ನಾಟಿಯಾದ ಮೊದಲ ವಾರಗಳಲ್ಲೇ ತಡೆಯಬೇಕಿತ್ತು.

ನಮ್ಮ ಕಡೆ ಬೇವಿನೆಣ್ಣೆ ಹೊಡೆದು "ಇದು ಕೆಲಸಕ್ಕೆ ಬರಲ್ಲ" ಎಂದು ಕೈಬಿಟ್ಟವರು ಬಹಳ. ಅವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟಿದ್ದು ಎಣ್ಣೆಯಲ್ಲ, ನೀರು ಎಂದು ಈ ಕೆಲಸ ಮುಗಿಸಿದ ಮೇಲೆ ನನಗೆ ಅನ್ನಿಸಿದೆ. ಅದಕ್ಕೇ ಅಳತೆ, ಖರ್ಚು, ಕೆಟ್ಟುಹೋದ ಪ್ರಯತ್ನ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಸಾಮಾನು

ಗಾಣದ ಬೇವಿನೆಣ್ಣೆ 2 ಲೀಟರ್, ಲೀಟರಿಗೆ 320 ರೂಪಾಯಿ. 16 ಲೀಟರಿನ ಬ್ಯಾಟರಿ ಪಂಪು ಮನೆಯಲ್ಲೇ ಇತ್ತು. ಬಟ್ಟೆ ಸೋಪು ಒಂದು ಬಾರ್; ಡಿಟರ್ಜೆಂಟ್ ಬಾರ್ ಅಲ್ಲ, ಎಣ್ಣೆಯಿಂದ ಮಾಡಿದ ಹಳೇ ತರಹದ್ದು. ಅದರ ಕವರ್ ಮೇಲೆ ಟಿಎಫ್ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ) ಎಂದು ಬರೆದಿರುವ ಅಂಕಿ ನೋಡಿಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ನಾನು ತಂದಿದ್ದರಲ್ಲಿ ಶೇ 60 ಇತ್ತು. ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಗಳು, ಸೋಸಲು ಹಳೇ ಕಾಟನ್ ಪಂಚೆ.

ಹಂತ 1: ನೇರವಾಗಿ ಕ್ಯಾನಿಗೆ

ಎಲ್ಲರೂ ಹೇಳುವ ಅಳತೆ: ಲೀಟರಿಗೆ 5 ಮಿ.ಲೀ. ಎಣ್ಣೆ, 5 ಗ್ರಾಂ ಸೋಪು. ಅಂದರೆ ಒಂದು ಕ್ಯಾನಿಗೆ 80 ಮಿ.ಲೀ. ಎಣ್ಣೆ, 80 ಗ್ರಾಂ ಸೋಪು. ಸೋಪನ್ನು ತುರಿದು ಬಿಸಿ ನೀರಲ್ಲಿ ಕರಗಿಸಿ, ಬೋರ್ ನೀರು ತುಂಬಿದ ಕ್ಯಾನಿಗೆ ಸುರಿದೆ. ಅದರ ಮೇಲೆ ಎಣ್ಣೆ ಹಾಕಿ ಕೋಲಿನಿಂದ ಕಲಕಿದೆ. ನೊರೆ ಬರಲಿಲ್ಲ. ಬೆಳ್ಳಗಾದಂತೆ ಕಂಡಿತು, ಆದರೆ ಆ ಬಿಳುಪು ನೀರಿನ ತುಂಬ ಹರಡದೆ ಪುಡಿಪುಡಿಯಾಗಿ ತೇಲುತ್ತಿತ್ತು.

ಎರಡು ಸಾಲು ಹೊಡೆಯುವಷ್ಟರಲ್ಲಿ ಪಂಪಿನ ಒತ್ತಡ ಬಿದ್ದುಹೋಯಿತು. ಹಿಡಿಯೊಳಗಿನ ಜರಡಿ ಬಿಚ್ಚಿದೆ. ಜಾಲರಿಯ ಒಳಮೈಗೆ ತಿಳಿ ಹಳದಿ ಬಣ್ಣದ ಮುದ್ದೆ ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಮೊದಲು ನುಣುಪು, ಆಮೇಲೆ ಅಂಟು. ಬೇವಿನ ವಾಸನೆ ಗಾಢ. ನಲ್ಲಿಯ ಕೆಳಗೆ ಹಿಡಿದರೆ ನೀರು ಅದರ ಮೇಲೆ ಹನಿಯಾಗಿ ಜಾರಿ ಹೋಯಿತೇ ಹೊರತು ಒಳಗೆ ಇಳಿಯಲಿಲ್ಲ. ಹಿಚುಕಿದಾಗ ಒಳಗಿಂದ ಸಣ್ಣ ನೀರಿನ ಹನಿಗಳು ಹೊರಬಂದವು. ಸೀಮೆಎಣ್ಣೆ ಹಾಕಿದ ಮೇಲಷ್ಟೇ ಜಾಲರಿ ಬಿಟ್ಟುಕೊಟ್ಟಿತು.

ಹಿಚುಕಿದಾಗ ನೀರು ಬಂತಲ್ಲ, ಗುಟ್ಟು ಇರುವುದು ಅದರಲ್ಲೇ. ನಮಗೆ ಬೇಕಿದ್ದದ್ದು ನೀರಿನೊಳಗೆ ಎಣ್ಣೆಯ ಹನಿ. ಆಗಿದ್ದು ಎಣ್ಣೆಯೊಳಗೆ ನೀರಿನ ಹನಿ. ಕೆನೆ ಕಡೆದಾಗ ಬೆಣ್ಣೆ ಬರುವುದು ಹೀಗೆಯೇ, ಒಳಗಿದ್ದದ್ದು ಹೊರಗಾಗಿ ಹೊರಗಿದ್ದದ್ದು ಒಳಗಾಗುತ್ತದೆ. ಸೋಡಿಯಂ ಅಥವಾ ಪೊಟ್ಯಾಸಿಯಂ ಸೋಪು ನೀರಲ್ಲಿ ಚೆನ್ನಾಗಿ ಕರಗುವುದರಿಂದ ಎಣ್ಣೆಯನ್ನು ನೀರಿನೊಳಗೆ ಹನಿಯಾಗಿ ಹಿಡಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೇರಿ ಅದೇ ಸೋಪು ಕ್ಯಾಲ್ಸಿಯಂ ಸೋಪಾದರೆ ನೀರನ್ನು ಬಿಟ್ಟು ಎಣ್ಣೆಯ ಪಕ್ಷ ಸೇರುತ್ತದೆ, ಆಗ ನೀರೇ ಎಣ್ಣೆಯೊಳಗೆ ಹನಿಯಾಗುತ್ತದೆ. ಜರಡಿಯಲ್ಲಿ ಸಿಕ್ಕಿದ ಮುದ್ದೆ ಅದೇ.

ಅವತ್ತು ಹೊಡೆದ ಕೊನೆಯ ಸಾಲಿನ ಗಿಡಗಳಿಗೆ ಮೇಲೆ ತೇಲಿದ್ದ ಬರೀ ಎಣ್ಣೆ ಹೋಗಿತ್ತು. ಮೂರನೇ ದಿನಕ್ಕೆ ಅವುಗಳ ಎಲೆಯ ಮೇಲೆ ಕಂದು ಮಚ್ಚೆ ಎದ್ದವು. ಮೊದಲ ಸಾಲಿಗೆ ಹೋದದ್ದು ಹೆಚ್ಚುಕಡಿಮೆ ನೀರು ಮಾತ್ರ.

ಹಂತ 2: ಸೋಪು ಹೆಚ್ಚಿಸಿದ್ದು

ಪಕ್ಕದ ಹೊಲದ ಅಣ್ಣ ಬಂದು ನೋಡಿ, "ಸೋಪು ಸಾಲ್ದು, ಇನ್ನೊಂದ್ ಅಷ್ಟು ಹಾಕಪ್ಪ, ಸರಿಹೋಗ್ತದೆ" ಅಂದರು. ಎಲ್ಲರೂ ಮಾಡುವುದು ಇದನ್ನೇ. 160 ಗ್ರಾಂ ಹಾಕಿದೆ. ಈ ಸಲ ನೊರೆ ಬಂತು, ನೀರೂ ಬೆಳ್ಳಗಾಯಿತು. ಆದರೂ ಜಿಡ್ಡು ಹೋಗಲಿಲ್ಲ, ಜರಡಿ ಮತ್ತೆ ಕಟ್ಟಿತು. ಜೊತೆಗೆ ಎಳೆ ಎಲೆಗಳ ಅಂಚು ಸುಟ್ಟಿತು. ಸೋಪು ಹೆಚ್ಚಾದರೆ ಎಲೆಯ ಮೇಲಿನ ಮೇಣದ ಪದರವನ್ನೂ ಅದು ಬಿಡುವುದಿಲ್ಲ. ಎರಡು ನಾಜಲ್ ಹೊಸದಾಗಿ ತರಬೇಕಾಯಿತು, 120 ರೂಪಾಯಿ.

ಹಂತ 3: ನೀರನ್ನು ಅಳೆದದ್ದು

ಆಮೇಲೆ ಕ್ಯಾನ್ ಬಿಟ್ಟು ನೀರಿನ ಕಡೆ ತಿರುಗಿದೆ. ಟಿಡಿಎಸ್ ಮೀಟರ್ ಒಂದು ಮನೆಯಲ್ಲಿತ್ತು, ಆದರೆ ಅದು ಈ ಕೆಲಸಕ್ಕೆ ಆಗುವುದಿಲ್ಲ. ನೀರಲ್ಲಿ ಕರಗಿದ ಎಲ್ಲ ಲವಣಗಳನ್ನೂ ಅದು ಒಟ್ಟಿಗೆ ಅಂದಾಜಿಸುತ್ತದೆ. ಸೋಪಿನ ತಂಟೆಗೆ ಬಾರದ ಸೋಡಿಯಂ ಕೂಡ ಆ ಅಂಕಿಯಲ್ಲಿ ಸೇರಿರುತ್ತದೆ. ನಮಗೆ ಬೇಕಾದದ್ದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಅದಕ್ಕೆ ಹನಿ ಹಾಕಿ ಬಣ್ಣ ನೋಡುವ ಗಡಸುತನದ ಕಿಟ್ ತರಿಸಿದೆ, 450 ರೂಪಾಯಿ. ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದ ಖರ್ಚು ಇದು.

ಬೋರ್ ನೀರು ಲೀಟರಿಗೆ ಸುಮಾರು 600 ಮಿ.ಗ್ರಾಂ ಗಡಸುತನ ತೋರಿಸಿತು (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಒಪ್ಪುವ ಮಟ್ಟ 200. ಬೇರೆ ನೀರು ಇಲ್ಲವೇ ಇಲ್ಲ ಅಂದಾಗ ಸಹಿಸಬಹುದಾದ ಕೊನೆಯ ಗಡಿ 600. ನಮ್ಮದು ಆ ಗಡಿಯ ಮೇಲೆ ಕೂತಿದೆ.

ಈಗ ಲೆಕ್ಕ. ಒಂದು ಗ್ರಾಂ ಗಡಸುತನ ಸುಮಾರು 6 ಗ್ರಾಂ ಸೋಪನ್ನು ಹಾಳು ಮಾಡುತ್ತದೆ. 16 ಲೀಟರ್ ನೀರಲ್ಲಿ 9.6 ಗ್ರಾಂ ಗಡಸುತನ ಇದೆ, ಅಂದರೆ 58 ಗ್ರಾಂ ಸೋಪು ಎಣ್ಣೆಯ ಹತ್ತಿರ ಹೋಗುವ ಮೊದಲೇ ಜಿಡ್ಡಾಗುತ್ತದೆ. ನಾನು ಹಾಕಿದ್ದ 80 ಗ್ರಾಂ ಬಾರಿನಲ್ಲಿ ಟಿಎಫ್ಎಂ ಶೇ 60 ಲೆಕ್ಕದಲ್ಲಿ ಕೊಬ್ಬಿನ ಅಂಶ 48 ಗ್ರಾಂ, ಸೋಡಿಯಂ ಸೇರಿ ನಿಜವಾದ ಸೋಪು 52 ಗ್ರಾಂ ಆಸುಪಾಸು. ಎಲ್ಲವೂ ಹೋಯಿತು, ಎಣ್ಣೆಗೆ ಒಂದು ಚೂರೂ ಉಳಿಯಲಿಲ್ಲ. 160 ಗ್ರಾಂ ಹಾಕಿದಾಗ ಅರ್ಧದಷ್ಟು ಉಳಿದು ನೊರೆ ಬಂತು, ಆದರೆ ಆ 58 ಗ್ರಾಂ ಜಿಡ್ಡು ಕ್ಯಾನಿನಲ್ಲೇ ಇತ್ತು. ಜರಡಿ ಕಟ್ಟದೆ ಇನ್ನೇನಾದೀತು?

ಇನ್ನೊಂದು ಲೆಕ್ಕ ಮಾಡಿದಾಗ ನಾನೇ ಬೆರಗಾದೆ. 80 ಮಿ.ಲೀ. ಎಣ್ಣೆಯನ್ನು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ದಪ್ಪದ ಹನಿಗಳಾಗಿ ಒಡೆದರೆ, ಆ ಹನಿಗಳ ಮೈಯೆಲ್ಲ ಸೇರಿ 48 ಚದರ ಮೀಟರ್ ಆಗುತ್ತದೆ. 500 ಚದರ ಅಡಿಗಿಂತ ಹೆಚ್ಚು, ನಮ್ಮ ಮನೆಯ ನಡುಮನೆ, ಅಡುಗೆಮನೆ ಎರಡೂ ಸೇರಿದಷ್ಟು ಜಾಗ. ಸೋಪಿನ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ಎಣ್ಣೆಯನ್ನು. ಆದ್ದರಿಂದ ಅದು ಹನಿಯ ಗಡಿಯಲ್ಲೇ, ಒಂದು ತುದಿ ಒಳಗೆ ಒಂದು ತುದಿ ಹೊರಗೆ ಇಟ್ಟು ನಿಲ್ಲುತ್ತದೆ. ಹೊರಗಿನ ತುದಿಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಎರಡು ಹನಿಗಳು ಹತ್ತಿರ ಬಂದರೆ ಒಂದನ್ನೊಂದು ತಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ. ಆ 48 ಚದರ ಮೀಟರಿಗೂ ಹೀಗೆ ಒಂದೇ ಅಣುವಿನ ದಪ್ಪದ ಪದರ ಹೊದಿಸಲು ಬೇಕಾದ ಸೋಪು ಒಂದು ಗ್ರಾಮಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆ ಪದರ ನಿಲ್ಲಬೇಕಾದರೆ ಸುತ್ತಲಿನ ನೀರಲ್ಲೂ ಸ್ವಲ್ಪ ಸೋಪು ಕರಗಿರಬೇಕು, ಅದಕ್ಕೆ ಕೆಲವು ಗ್ರಾಂ ಇಟ್ಟುಕೊಳ್ಳೋಣ. ಆದರೂ ಎಣ್ಣೆ ಕೇಳುವುದು ಎಷ್ಟು, ಕ್ಯಾಲ್ಸಿಯಂ ನುಂಗುವುದು ಎಷ್ಟು ನೋಡಿ! ಅಷ್ಟಾದ ಮೇಲೂ ಸೋಪು ಸುರಿಯುತ್ತ ಹೋದರೆ ಅಣುಗಳು ಗಡಿಯಲ್ಲಿ ಜಾಗವಿಲ್ಲದೆ ತಮ್ಮತಮ್ಮಲ್ಲೇ ಗುಂಪುಗೂಡಿ ನೀರಲ್ಲಿ ಅಲೆಯುತ್ತವೆ. ಹನಿ ಹಿಡಿಯಲು ಅದರಿಂದ ಹೆಚ್ಚೇನೂ ಸಿಗುವುದಿಲ್ಲ, ಎಲೆ ಸುಡುವುದಕ್ಕೆ ಮಾತ್ರ ಸಿಗುತ್ತದೆ.

ಹಂತ 4: ಬಾಟಲಿ ಪರೀಕ್ಷೆ

ಅರ್ಧ ಲೀಟರ್ ನೀರಿಗೆ 2.5 ಮಿ.ಲೀ. ಎಣ್ಣೆ, 2.5 ಗ್ರಾಂ ಸೋಪು. ಎಲ್ಲ ಬಾಟಲಿಗೂ ಒಂದೇ ಅಳತೆ, ಒಂದೇ ಸಮ ಅಲುಗಾಟ. ಅರ್ಧ ಗಂಟೆಯಾದಾಗ ಒಮ್ಮೆ, ಎರಡು ಗಂಟೆಯಾದಾಗ ಇನ್ನೊಮ್ಮೆ ನೋಡಿದೆ.

ಬೋರ್ ನೀರು: ಐದು ನಿಮಿಷದಲ್ಲಿ ಪುಡಿ, ಅರ್ಧ ಗಂಟೆಯಲ್ಲಿ ಮೇಲೆ ಹಳದಿ ಎಣ್ಣೆಯ ಪದರ. ಇದು ಗೊತ್ತಿದ್ದದ್ದೇ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು: ಎರಡು ಗಂಟೆಯಾದರೂ ಬೆಳ್ಳಗೆ ಹಾಗೇ ಇತ್ತು. ಮೇಲೆ ತೆಳು ಕೆನೆ ಕಟ್ಟಿತ್ತು, ಒಮ್ಮೆ ಅಲುಗಾಡಿಸಿದರೆ ಕೂಡಿತು.

ಮಳೆ ನೀರು: ಘಟಕದ ನೀರಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಬೋರ್ ನೀರಿಗೆ ಬಟ್ಟೆ ಸೋಡಾ: ಲೀಟರಿಗೆ 0.6 ಗ್ರಾಂ ಹಾಕಿ ರಾತ್ರಿ ಬಿಟ್ಟೆ. ತಳದಲ್ಲಿ ಬಿಳಿ ಸುಣ್ಣ ಕೂತಿತು. ಮೇಲಿನ ತಿಳಿ ತೆಗೆದು ಸೋಪು ಹಾಕಿದರೆ ನೊರೆ ಬಂತು, ಎಣ್ಣೆಯೂ ನಿಂತಿತು. ಆದರೆ ಇದನ್ನು ಕೈಬಿಟ್ಟೆ. ಬೇವಿನಲ್ಲಿ ಕೀಟವನ್ನು ಕಾಡುವ ಅಜಾಡಿರಾಕ್ಟಿನ್ ಕ್ಷಾರದಲ್ಲಿ ಬೇಗ ಕೆಡುತ್ತದೆ. ಸೋಪೇ ಸ್ವಲ್ಪ ಕ್ಷಾರ, ಅದರ ಮೇಲೆ ಸೋಡಾವನ್ನೂ ಹಾಕಿದರೆ ಎಣ್ಣೆ ಚೆನ್ನಾಗಿ ಕಲಸಿದರೂ ಸತ್ವ ಹೋಗಿರುತ್ತದೆ. ಹೊಂಗೆ ಎಣ್ಣೆ ಹೊಡೆಯುವವರಿಗೆ ಅಜಾಡಿರಾಕ್ಟಿನ್ ಪ್ರಶ್ನೆ ಇಲ್ಲ, ಅವರು ಬೇಕಾದರೆ ನೋಡಬಹುದು.

ಕೃಷಿ ಹೊಂಡದ ನೀರು: ಇದು ಹೊಸ ಪಾಠ ಕಲಿಸಿತು. ಮಳೆಯ ನೀರೇ ಆದರೂ ಕೆಂಪು ಮಣ್ಣು ಕದಡಿ ದಿನಗಟ್ಟಲೆ ತಿಳಿಯಾಗದೆ ನಿಂತಿರುತ್ತದೆ. ಜೇಡಿಯ ಕಣಗಳಿಗೂ ಋಣ ವಿದ್ಯುದಂಶ ಇರುತ್ತದೆ, ಅವೂ ಒಂದನ್ನೊಂದು ತಳ್ಳಿಕೊಂಡೇ ತೇಲುತ್ತಿರುತ್ತವೆ. ಪಟಿಕ ತಿಕ್ಕಿದರೆ ಅದರ ಅಲ್ಯೂಮಿನಿಯಂ ಆ ತಳ್ಳಾಟ ಮುಗಿಸಿ ಮಣ್ಣನ್ನು ಕೂರಿಸುತ್ತದೆ. ಹಾಗೆ ತಿಳಿಮಾಡಿದ ನೀರಿಗೆ ಸೋಪು ಹಾಕಿದೆ, ಮೊಸರಿನ ಗಟ್ಟಿಯಂತಹ ಚೂರುಗಳೆದ್ದವು. ಪಟಿಕ ಸ್ವಲ್ಪ ಹೆಚ್ಚಾಗಿ ನೀರಲ್ಲಿ ಉಳಿದಿದ್ದರೂ ಸಾಕು, ಮಣ್ಣಿಗೆ ಮಾಡಿದ್ದನ್ನೇ ಸೋಪಿಗೂ ಮಾಡುತ್ತದೆ. ಹೊಂಡದ ನೀರಾದರೆ ಪಟಿಕ ಬೇಡ. ಡ್ರಮ್ಮಲ್ಲಿ ನಿಲ್ಲಿಸಿ, ಮೇಲಿನದನ್ನು ಪಂಚೆಯಲ್ಲಿ ಸೋಸಿ ಬಳಸಿ.

ಕೆರೆ ನೀರನ್ನು ಪರೀಕ್ಷೆಗೇ ತರಲಿಲ್ಲ. 2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ಹೆಚ್ಚಲೆಂದು ಬಿಟ್ಟದ್ದು. ಜನ ತಿನ್ನುವ ಟೊಮೆಟೊದ ಎಲೆ, ಕಾಯಿ ಮೇಲೆ ಅದನ್ನು ಹೊಡೆಯಲು ನನಗೆ ಮನಸ್ಸಿಲ್ಲ.

ಹಂತ 5: ಕಲಸುವ ಕ್ರಮ

ನೀರು ಸರಿಹೋದ ಮೇಲೂ ಒಂದು ಕ್ಯಾನ್ ಬೇಗ ಕೆನೆ ಕಟ್ಟಿತು, ಇನ್ನೊಂದು ಕಟ್ಟಲಿಲ್ಲ. ವ್ಯತ್ಯಾಸ ಇದ್ದದ್ದು ಯಾವುದಕ್ಕೆ ಯಾವುದನ್ನು ಸುರಿದೆ ಎಂಬುದರಲ್ಲಿ.

16 ಲೀಟರ್ ನೀರಿಗೆ 80 ಮಿ.ಲೀ. ಎಣ್ಣೆ ಸುರಿದು ಎಷ್ಟು ಕಲಕಿದರೂ ಹನಿ ದಪ್ಪವೇ. ಬದಲಿಗೆ ಹೀಗೆ ಮಾಡಿ: ಸಣ್ಣ ಬಕೆಟಿನಲ್ಲಿ ಎಣ್ಣೆ ತೆಗೆದುಕೊಳ್ಳಿ. ಮಳೆ ನೀರಿಗೆ ಸೋಪು ಅಷ್ಟೊಂದು ಬೇಡ, ಕ್ಯಾನಿಗೆ 40 ಗ್ರಾಂ ಸಾಕಾಯಿತು. ಅದನ್ನು 100 ಮಿ.ಲೀ. ಬಿಸಿ ನೀರಲ್ಲಿ ಕರಗಿಸಿ ಎಣ್ಣೆಗೆ ಸೇರಿಸಿ. ಆಮೇಲೆ ನೀರನ್ನು ಚೂರುಚೂರೇ ಬಿಡುತ್ತ ಕಡೆಯಿರಿ. ಮೊದಮೊದಲು ಗಟ್ಟಿಯಾಗುತ್ತ ಹೋಗುತ್ತದೆ, ಕಡಗೋಲು ಭಾರವಾಗುತ್ತದೆ. ಹಾಗೇ ಬಿಡದೆ ನೀರು ಸೇರಿಸುತ್ತಿದ್ದರೆ ಒಂದು ಕ್ಷಣದಲ್ಲಿ ಕೈಗೆ ಹಗುರವಾಗಿ, ಹಳದಿ ಛಾಯೆ ಹೋಗಿ ಅಚ್ಚ ಬಿಳಿಯಾಗಿ ತೆಳ್ಳಗಾಗುತ್ತದೆ. ಆ ತಿರುವು ಬಂದ ಮೇಲೆ ಒಂದು ಲೀಟರಿನವರೆಗೆ ನೀರು ಸೇರಿಸಿ, ಸೋಸಿ, ಕ್ಯಾನಿಗೆ ಹಾಕಿ ತುಂಬಿಸಿ.

ಕಡಗೋಲಿನ ಬದಲು ಡ್ರಿಲ್ಲಿಗೆ ಸಲಾಕೆ ಬಗ್ಗಿಸಿ ಹಾಕಿಯೂ ನೋಡಿದೆ. ವೇಗ ಹೆಚ್ಚಾಗಿ ಬಕೆಟ್ ತುಂಬ ನೊರೆ. ಗಾಳಿಯ ಗುಳ್ಳೆಗೂ ಗಡಿ ಇದೆಯಲ್ಲ, ಸೋಪು ಅಲ್ಲಿಗೆ ಓಡುತ್ತದೆ. ನಿಧಾನ ವೇಗದ ಡ್ರಿಲ್ ಆದರೆ ಸರಿ, ಇಲ್ಲದಿದ್ದರೆ ಕಡಗೋಲೇ ವಾಸಿ.

ಹೊಡೆಯುವ ಮೊದಲು ಗಾಜಿನ ಲೋಟದಲ್ಲಿ ತಿಳಿ ಮಳೆ ನೀರು ಇಟ್ಟು ಬಕೆಟಿನದು ಒಂದು ತೊಟ್ಟು ಬಿಡಿ. ಬಿಳಿ ಹೊಗೆಯ ಹಾಗೆ ಹರಡಿ ಮಾಯವಾದರೆ ಸರಿ. ಮೇಲೆ ಎಣ್ಣೆಯ ಕಣ್ಣು ಕಂಡರೆ ಇನ್ನೂ ಕಡೆಯಬೇಕು. ಕ್ಯಾನಿನಲ್ಲಿ ಹೊತ್ತು ಕಳೆದಂತೆ ಕೆನೆ ಕಟ್ಟಿದರೆ ಹೆದರಬೇಡಿ. ಎಣ್ಣೆ ನೀರಿಗಿಂತ ಹಗುರ, ಹನಿಗಳು ಹನಿಗಳಾಗಿಯೇ ಮೇಲೆ ಏರಿರುತ್ತವೆ, ಅಲುಗಾಡಿಸಿದರೆ ಕೂಡುತ್ತವೆ. ಅಲುಗಾಡಿಸಿದ ಮೇಲೂ ಹಳದಿ ಪದರ ಉಳಿದರೆ ಅದು ಒಡೆದದ್ದು. ಹೊಡೆಯಬೇಡಿ, ಎಲೆ ಸುಡುತ್ತದೆ.

ಚಳಿಗಾಲದ ಬೆಳಗ್ಗೆ ಬೇವಿನೆಣ್ಣೆ ಹೆಪ್ಪುಗಟ್ಟಿರುತ್ತದೆ. ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ಮೇಲಷ್ಟೇ ಅಳೆಯಿರಿ. ಹೊಡೆಯುವುದು ಬಿಸಿಲು ಇಳಿದ ಮೇಲೆ. ಅಜಾಡಿರಾಕ್ಟಿನ್ ಬಿಸಿಲಿಗೂ ಕೆಡುತ್ತದೆ.

ಹಂತ 6: ನೀರು ಎಲ್ಲಿಂದ?

20 ಗುಂಟೆಗೆ ಸುಮಾರು 100 ಲೀಟರ್ ಬೇಕು. ಘಟಕದಲ್ಲಿ 20 ಲೀಟರ್ ಕ್ಯಾನಿಗೆ ಐದು ರೂಪಾಯಿ, ಒಟ್ಟು 25 ರೂಪಾಯಿಯಲ್ಲಿ ಮುಗಿಯುತ್ತದೆ. ಸುಲಭ, ಅಗ್ಗ. ಆದರೂ ನಾನು ಅದನ್ನು ದಾರಿ ಅನ್ನುವುದಿಲ್ಲ. ಬೇಸಿಗೆಯಲ್ಲಿ ಘಟಕದ ಮುಂದೆ ಬಿಂದಿಗೆಗಳ ಸಾಲು ನಿಂತಿರುವಾಗ ಔಷಧಿ ಹೊಡೆಯಲು ಕುಡಿಯುವ ನೀರು ಒಯ್ಯುವುದು ತಪ್ಪು. ಒಬ್ಬ ಒಯ್ದರೆ ನಾಳೆ ಊರೇ ಒಯ್ಯುತ್ತದೆ. ಅಲ್ಲದೆ ಆ ನೀರು ಶುದ್ಧವಾಗುವಾಗ ಎಷ್ಟೋ ಲೀಟರ್ ಚರಂಡಿಗೆ ಹೋಗಿರುತ್ತದೆ.

ದನದ ಕೊಟ್ಟಿಗೆಯ ಶೀಟು 20 ಅಡಿಗೆ 15 ಅಡಿ. 20 ಮಿ.ಮೀ. ಮಳೆ ಬಂದರೆ ಅದರಿಂದ ಸೋರಿಕೆ ಕಳೆದು 400 ಲೀಟರ್ ದಾಟುತ್ತದೆ. ಪಿವಿಸಿ ಪೈಪು ಉದ್ದಕ್ಕೆ ಸೀಳಿ ದೋಣಿ ಮಾಡಿದೆ, 200 ಲೀಟರಿನ ಎರಡು ಹಳೇ ಡ್ರಮ್ ಇಟ್ಟೆ. ಪೈಪು, ಕೊಕ್ಕೆ, ಡ್ರಮ್ ಸೇರಿ 2,900 ರೂಪಾಯಿ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತುಂಬಿಸಿ ಮುಚ್ಚಿಟ್ಟಿದ್ದೇನೆ. ಕಿಟ್ಟಿನಲ್ಲಿ ಅಳೆದರೆ ಒಂದೇ ಹನಿಗೆ ಬಣ್ಣ ತಿರುಗಿತು, ಅಂದರೆ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ.

ಹಂತ 7: ಮಳೆ ನೀರು ಮುಗಿದಾಗ, ಅಂಟುವಾಳ

ಮಾರ್ಚ್, ಏಪ್ರಿಲ್‌ನಲ್ಲಿ ಡ್ರಮ್ ಬರಿದಾಗುತ್ತದೆ. ಬೋರ್ ನೀರಲ್ಲೇ ನಿಲ್ಲುವಂಥದ್ದು ಬೇಕಿತ್ತು. ಔಷಧಿ ಎಲೆಗೆ ಹರಡಿ ಅಂಟಲೆಂದು ಬೆರೆಸುವ ಅಂಗಡಿಯ ಸ್ಟಿಕ್ಕರ್‌ಗಳಲ್ಲಿ ವಿದ್ಯುದಂಶವಿಲ್ಲದ ಬಗೆಯವು ಇವೆ, ಕ್ಯಾಲ್ಸಿಯಂಗೆ ಅವುಗಳಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಕೊಂಡು ಹಾಕುವವರು ಲೇಬಲ್ ಮೇಲೆ ನಾನ್ ಅಯಾನಿಕ್ ಎಂದಿದೆಯೇ ನೋಡಿ. ನಾನು ಬಾಟಲಿಯಲ್ಲಿ ಪರೀಕ್ಷಿಸಿದೆ, ಚೆನ್ನಾಗಿಯೇ ನಿಂತಿತು.

ಅಂಟುವಾಳದ (ನಮ್ಮ ಕಡೆ ಕುಂಕುಡುಕಾಯಿ) ದಾರಿ ತೋರಿಸಿದ್ದು ಅಮ್ಮ. "ಸೋಪು ಹಾಕಿದ್ರೆ ಬೋರ್ ನೀರಲ್ಲಿ ತಲೆಗೂದಲು ಜಡೆ ಕಟ್ತದೆ, ಕುಂಕುಡುಕಾಯಿ ಹಾಕಿದ್ರೆ ಆ ನೀರಲ್ಲೂ ನೊರೆ ಬರ್ತದಲ್ಲೋ" ಅಂದರು. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಅಣುವಿನಲ್ಲಿ ನೀರನ್ನು ಬಯಸುವ ಕಡೆ ಸಕ್ಕರೆಯ ಸರಪಳಿ ಇದೆ. ಕ್ಯಾಲ್ಸಿಯಂ ಬಂದರೂ ಅದು ನೀರನ್ನು ಬಿಡುವುದಿಲ್ಲ.

ಬೀಜ ತೆಗೆದ ಸಿಪ್ಪೆ 250 ಗ್ರಾಂ, 2 ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಆರಿದ ಮೇಲೆ ಹಿಸುಕಿ, ಪಂಚೆಯಲ್ಲಿ ಎರಡು ಸಲ ಸೋಸಿ. ಒಂದೂವರೆ ಲೀಟರ್ ಕಂದು ರಸ ಸಿಗುತ್ತದೆ. ಕಣ್ಣಿಗೆ ಹಾರಿದರೆ ಉರಿ ತಡೆಯಲಾಗದು, ಹುಷಾರು. 80 ಮಿ.ಲೀ. ಎಣ್ಣೆಗೆ 250 ಮಿ.ಲೀ. ರಸ, ಹಂತ 5ರ ಕ್ರಮದಲ್ಲೇ ಕಡೆಯುವುದು. ಹನಿ ಸೋಪಿನಷ್ಟು ಸಣ್ಣದಾಗಲಿಲ್ಲ, ಮುಕ್ಕಾಲು ಗಂಟೆಗೆ ಕೆನೆ ಕಟ್ಟಿತು. ಆದರೆ ಒಡೆಯಲಿಲ್ಲ, ಎರಡು ಸಾಲಿಗೊಮ್ಮೆ ಕ್ಯಾನ್ ಕುಲುಕಿದರೆ ಸಾಕಾಯಿತು. ಜರಡಿ ಬಿಚ್ಚಿ ನೋಡಿದರೆ ತೊಳೆದಿಟ್ಟಂತೆ ಇತ್ತು. 250 ಗ್ರಾಮಿಗೆ 50 ರೂಪಾಯಿ ಕೊಟ್ಟಿದ್ದೆ, ಆರು ಕ್ಯಾನಿಗೆ ಬಂತು.

ಎಲೆಯ ಮೇಲೆ ಹೇಗೆ ಹರಡುತ್ತದೆ ಎಂದು ನೋಡಲು ಪಕ್ಕದ ಕೋಸಿನ ಹೊಲಕ್ಕೆ ಹೋದೆ, ಮೇಣ ಮೆತ್ತಿದ ಆ ಎಲೆಗಿಂತ ಕಠಿಣ ಪರೀಕ್ಷೆ ಇಲ್ಲ. ಬರೀ ನೀರಿನ ಹನಿ ಗುಂಡಗೆ ಉರುಳಿ ಬಿತ್ತು. ಅಂಟುವಾಳ ಸೇರಿದ ಹನಿ ಬಿದ್ದಲ್ಲೇ ಕೂತು ನಿಧಾನಕ್ಕೆ ಅಗಲವಾಯಿತು. ಸೋಪಿನದು ಇನ್ನೂ ಬೇಗ ಹರಡಿತು, ತುದಿಯಿಂದ ತೊಟ್ಟಿಕ್ಕಿತು ಕೂಡ. ಟೊಮೆಟೊ ಎಲೆಯ ರೋಮದ ನಡುವೆ ಇಳಿಯಲು ಅಂಟುವಾಳದಷ್ಟು ಹರಡಿದರೆ ಸಾಕು.

ಉಳಿದ ರಸವನ್ನಾಗಲಿ ಕ್ಯಾನ್ ತೊಳೆದ ನೀರನ್ನಾಗಲಿ ಹೊಂಡಕ್ಕೆ, ಕೆರೆಗೆ ಚೆಲ್ಲಬೇಡಿ. ಸಪೋನಿನ್ ಮೀನಿಗೆ ವಿಷ.

ಇನ್ನೂ ಆಗದೆ ಉಳಿದದ್ದು

ಅಂಟುವಾಳದ ರಸ ಇಡಲು ಬರುವುದಿಲ್ಲ. ಮೂರನೇ ದಿನಕ್ಕೆ ಹುಳಿ ವಾಸನೆ, ಆಮೇಲೆ ಮೇಲೆ ಬೂಸ್ಟು. ಹುಳಿಯಾದ ರಸದಲ್ಲಿ ಎಣ್ಣೆ ಅರ್ಧ ಗಂಟೆಯೂ ನಿಲ್ಲಲಿಲ್ಲ. ಸದ್ಯಕ್ಕೆ ಹೊಡೆಯುವ ಹಿಂದಿನ ರಾತ್ರಿ ಅವತ್ತಿಗೆ ಬೇಕಾದಷ್ಟೇ ನೆನೆಹಾಕುತ್ತಿದ್ದೇನೆ. ಸಿಪ್ಪೆಯನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ ಮಿಲ್ಲಿನಲ್ಲಿ ಪುಡಿಮಾಡಿಸಿ ಇಟ್ಟಿದ್ದೇನೆ, ನೇರ ಪುಡಿಯಿಂದಲೇ ಕಲಸಲು ಆಗುತ್ತದೆಯೇ ನೋಡಬೇಕು. ಪುಡಿ ನುಣ್ಣಗಾದಷ್ಟೂ ಪಂಚೆಯಿಂದ ಜಾರಿ ಜರಡಿಗೆ ಬರುತ್ತದೆ, ಅದಕ್ಕೆ ಇನ್ನೂ ಸಣ್ಣ ಕಣ್ಣಿನ ಬಟ್ಟೆ ಹುಡುಕುತ್ತಿದ್ದೇನೆ. ಬೇರೆಯವರು ಇದನ್ನು ಮಾಡಿ ನೋಡಿದ್ದರೆ ಯಾವ ಬಟ್ಟೆ, ಲೀಟರಿಗೆ ಎಷ್ಟು ಪುಡಿ, ನಿಮ್ಮ ನೀರಿನ ಗಡಸುತನ ಎಷ್ಟು ಎಂಬ ಮೂರನ್ನೂ ಬರೆಯಿರಿ.